ಹುಳು ಮನೆಯ ಥರ್ಮಾಮೀಟರು

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ. ನಕ್ಷೆಯಲ್ಲಿ ನೋಡಿದರೆ ಈ ನಾಲ್ಕು ಊರುಗಳು ಪಶ್ಚಿಮದಿಂದ ಪೂರ್ವಕ್ಕೆ ಒಂದೇ ರಸ್ತೆಗೆ ಪೋಣಿಸಿದ ಹಾಗೆ ಕೂತಿವೆ. ಅಮ್ಮನ ಬಳಗವೂ ಇದೇ ರಸ್ತೆಯುದ್ದಕ್ಕೂ ಹಂಚಿಹೋಗಿದೆ. ವಿದುರಾಶ್ವತ್ಥದಲ್ಲಿ ಒಂದು ಹಳೇ ಹರಕೆ, ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ಚಿಕ್ಕಮ್ಮ, ಚಿಂತಾಮಣಿಯಲ್ಲಿ ಸೋದರಮಾವ.

ಅಮ್ಮನಿಗೆ 76. ಬಿಪಿ ಇದೆ. ಹೋದ ವರ್ಷ ಬೇಸಿಗೆಯಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ತಲೆ ಸುತ್ತಿ ಕುಸಿದು ಕೂತ ಮೇಲೆ ಡಾಕ್ಟರು ಬಿಸಿಲಿಗೆ ಓಡಾಟ ಬೇಡ ಅಂದಿದ್ದರು. ಅತ್ತ ಚಿಕ್ಕಮ್ಮನಿಗೆ ಮಂಡಿನೋವು. ಅಕ್ಕತಂಗಿ ಮುಖ ನೋಡಿಕೊಂಡು ಎರಡು ವರ್ಷವಾಗಿತ್ತು. ‘ನೀನು ಕರ್ಕೊಂಡು ಹೋಗ್ದಿದ್ರೆ ಬಸ್ಸಲ್ಲಾದ್ರೂ ಹೋಗ್ತೀನಿ’ ಅಂತ ಅಮ್ಮ ಏಪ್ರಿಲ್‌ನಲ್ಲೇ ಹಟ ಹಿಡಿದಳು. ನಮ್ಮದು 2009ರ ಕಾರು. ಎಂಜಿನ್ ಗಟ್ಟಿ, ಎಸಿ ಮಾತ್ರ ಸೊರಗಿತ್ತು. ಹೊರಡುವ ವಾರ ಮೊದಲು ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಬಾನೆಟ್ ಎತ್ತಿದವರೇ ‘ಗ್ಯಾಸ್ ಕಮ್ಮಿ ಆಗಿದೆ ಮೇಡಂ’ ಅಂದರು. ತುಂಬಿಸಿದ್ದಕ್ಕೆ 1,800 ರೂಪಾಯಿ. ‘ಇದಕ್ಕೂ ಸರಿಹೋಗ್ಲಿಲ್ಲ ಅಂದ್ರೆ ಕಂಪ್ರೆಸರ್ರೇ ಹೋಗಿದೆ, 22 ಸಾವಿರ ಆಗತ್ತೆ’ ಅಂತ ಒಂದು ಬಾಂಬನ್ನೂ ಕೈಗಿಟ್ಟರು.

ಬೆಳಗಿನ ಆರಕ್ಕೆ ಹೊರಟು ದೊಡ್ಡಬಳ್ಳಾಪುರದ ಮೇಲೆ ಗೌರಿಬಿದನೂರು ದಾಟಿ ವಿದುರಾಶ್ವತ್ಥ ಸೇರಿದಾಗ ಎಲ್ಲ ಚೆನ್ನಾಗಿತ್ತು. ಆ ಹೊತ್ತಿಗೆ ಎಸಿಗೇನು ಕೆಲಸ? ಅಲ್ಲಿನ ಹಳೇ ಅಶ್ವತ್ಥ ಮರ 2001ರಲ್ಲಿ ಉರುಳಿತು. ಸುತ್ತ ಸಾಲುಸಾಲು ನಾಗರಕಲ್ಲುಗಳು ಹಾಗೇ ಇವೆ. ಅಮ್ಮ ಪೂಜೆ ಮುಗಿಸಿ, 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗದಲ್ಲೂ ಕೈಮುಗಿದಳು. ‘ನಮ್ಮ ತಾತ ಅವತ್ತು ಜಾತ್ರೆಗೆ ಬಂದಿದ್ರಂತೆ, ಓಡಿ ಬದುಕಿದ್ರಂತೆ’ ಅಂತ ಪ್ರತೀ ಸಲದ ಮಾತನ್ನೇ ಹೇಳಿದಳು. ನಾನೂ ಹೊಸದಾಗಿ ಕೇಳಿದವಳ ಹಾಗೆ ಹೂಂಗುಟ್ಟಿದೆ.

ವಾಪಸು ಗೌರಿಬಿದನೂರು ಪೇಟೆಗೆ ಬರುವಾಗ ಹನ್ನೊಂದು ಗಂಟೆ. ಮುಂದೆ ಲಾರಿಯೊಂದು ಅಡ್ಡ ತಿರುಗಿ ನಿಂತಿತ್ತು. ಐದು ನಿಮಿಷದಲ್ಲಿ ಎಸಿಯಿಂದ ಬಿಸಿಗಾಳಿ! ಅಮ್ಮನ ಮುಖ ಕೆಂಪಾಯಿತು, ಸೆರಗಿನಿಂದ ಗಾಳಿ ಬೀಸಿಕೊಳ್ಳತೊಡಗಿದಳು. 22 ಸಾವಿರ ನನ್ನ ಕಣ್ಣ ಮುಂದೆ ಬಂತು. ಆದರೆ ಮಂಚೇನಹಳ್ಳಿ ರಸ್ತೆಗೆ ಬಿದ್ದು ಕಾರು ಓಡತೊಡಗಿದ ಮೇಲೆ ಮತ್ತೆ ತಣ್ಣಗಾಯಿತು. ಚಿಕ್ಕಬಳ್ಳಾಪುರದಲ್ಲಿ ವಾಹನಗಳ ಸಾಲಿನಲ್ಲಿ ನಿಂತೆವು, ಮತ್ತೆ ಬಿಸಿ. ದೂರದಲ್ಲಿ ನಂದಿಬೆಟ್ಟ ಕಾಣುತ್ತಿತ್ತು. 1927ರಲ್ಲಿ ರಕ್ತದೊತ್ತಡ ಏರಿದ್ದ ಗಾಂಧೀಜಿ ಸುಧಾರಿಸಿಕೊಳ್ಳಲು ಬಂದು ತಂಗಿದ್ದು ಆ ಬೆಟ್ಟದ ಮೇಲೇ. ‘ನಿನ್ನನ್ನೂ ಅಲ್ಲೇ ಬಿಟ್ಟು ಹೋಗ್ಲಾ?’ ಅಂದೆ. ‘ಮೊದಲು ನನ್ನ ತಂಗಿ ಮನೆಗೆ ನಡಿ’ ಅಂದಳು ಅಮ್ಮ. ದನಿಯಲ್ಲಿ ಸುಸ್ತಿತ್ತು. ನನ್ನ ತಮಾಷೆ ಅಲ್ಲಿಗೇ ನಿಂತಿತು.

ಶಿಡ್ಲಘಟ್ಟದ ರಸ್ತೆಯಲ್ಲಿ ಎರಡೂ ಕಡೆ ಹಿಪ್ಪುನೇರಳೆ ತೋಟ. ರೇಷ್ಮೆಗೂಡಿನ ಮಾರುಕಟ್ಟೆ ಅಂದರೆ ರಾಮನಗರದ ಜೊತೆಗೇ ಈ ಊರಿನ ಹೆಸರೂ ಬರುತ್ತದೆ. ಚಿಕ್ಕಮ್ಮನ ಹುಳು ಮನೆಯಲ್ಲಿ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಜ್ವರ ಅಂದರೆ ಕಾಯಿಲೆಯಲ್ಲ. ಸೊಪ್ಪು ತಿನ್ನುವುದು ಬಿಟ್ಟು ಪೊರೆ ಕಳಚುವ ಹೊತ್ತು. ಬಲಿತ ಹುಳುಗಳಿಗೆ 24-25 ಡಿಗ್ರಿ ಹಿತ. ಹೊರಗೆ ಬಿಸಿಲು ಸುಡುತ್ತಿರುವಾಗ ಅಷ್ಟು ತಂಪು ಎಲ್ಲಿಂದ ತರಬೇಕು? ಕಿಟಕಿಗಳಿಗೆ ಗೋಣಿಚೀಲ ಕಟ್ಟಿ, ಗಂಟೆಗೊಮ್ಮೆ ನೀರು ಹೊಡೆಯುತ್ತಿದ್ದರು. ಹೊರಗಿನವರು ಒಳಗೆ ಹೋಗುವಂತಿಲ್ಲ, ಬಾಗಿಲಿನಿಂದಲೇ ಇಣುಕಿದೆ. ಅಕ್ಕತಂಗಿಯರು ಜಗಲಿಯಲ್ಲಿ ಕೈ ಹಿಡಿದುಕೊಂಡು ಕೂತವರು, ಬಾಯಿಬಿಟ್ಟರೆ ತೆಲುಗು. ಆ ಕಡೆ ಮನೆ ಮಾತು ಅದೇ.

ಊಟದ ಮೇಲೆ ಕಾರಿನ ಕಥೆ ಹೇಳಿದೆ. ಚಿಕ್ಕಪ್ಪನಿಗೆ ಕಾರು ಓಡಿಸಲು ಬರುವುದಿಲ್ಲ, ಆದರೆ ಸೆಕೆಯ ಲೆಕ್ಕ ಬರುತ್ತದೆ. ‘ಓಡೋವಾಗ ತಣ್ಗೈತೆ, ನಿಂತ್ರೆ ಬಿಸಿ ಅಂತೀಯಲ್ಲಮ್ಮ, ಹಂಗಾದ್ರೆ ಅದಕ್ಕೆ ಗಾಳಿ ಸಾಲ್ತಿಲ್ಲ’ ಅಂದರು. ಹುಳು ಮನೆಯ ಇನ್ನೊಂದು ಥರ್ಮಾಮೀಟರು ತಂದು ಎಸಿ ಗಾಳಿ ಬರುವ ಕಿಂಡಿಗೆ ದಾರದಲ್ಲಿ ಕಟ್ಟಿದರು. ಹುಣಸೆಮರದ ನೆರಳಲ್ಲಿ ಎಂಜಿನ್ ಚಾಲೂ ಮಾಡಿ ನಿಲ್ಲಿಸಿದರೆ 17, 20, 23 ಅಂತ ಏರುತ್ತಲೇ ಹೋಯಿತು. ಚಿಕ್ಕಪ್ಪ ಗೋಣಿಗೆ ಹೊಡೆಯುವ ಪಂಪು ತಂದು ಕಾರಿನ ಮುಂದಿನ ಜಾಲರಿಗೆ ತುಂತುರು ನೀರು ಬಿಟ್ಟರು. ನೋಡನೋಡುತ್ತ 14ಕ್ಕೆ ಇಳಿಯಿತು! ನಾನು ಕೂಗಿದ ಕೂಗಿಗೆ ಚಿಕ್ಕಮ್ಮ ಒಳಗಿಂದ ಬಂದು ‘ಮೆಲ್ಗೆ, ಹುಳು ಐತೆ’ ಅಂತ ಗದರಿದರು.

ಆಮೇಲೆ ಅರ್ಥವಾಗಿದ್ದು ಇಷ್ಟು. ಎಸಿ ಹೊಸದಾಗಿ ತಂಪು ಹುಟ್ಟಿಸುವುದಿಲ್ಲ, ಒಳಗಿನ ಬಿಸಿಯನ್ನು ಹೊತ್ತು ತಂದು ಹೊರಗೆ ಸುರಿಯುತ್ತದೆ. ಸುರಿಯುವ ಜಾಗ ಕಂಡೆನ್ಸರ್, ರೇಡಿಯೇಟರಿನ ಮುಂದೆಯೇ ಇರುತ್ತದೆ. ಕಾರು ಓಡುವಾಗ ಎದುರುಗಾಳಿ ಅದನ್ನು ತಣಿಸುತ್ತದೆ. ನಿಂತಾಗ ಫ್ಯಾನ್ ತಿರುಗಲೇಬೇಕು. ತಿರುಗದಿದ್ದರೆ ಒತ್ತಡ ಏರಿ ಕಂಪ್ರೆಸರ್ ತಾನಾಗಿಯೇ ನಿಲ್ಲುತ್ತದೆ, ಕೆಟ್ಟು ಅಲ್ಲ, ಕೆಡಬಾರದು ಅಂತ. (ಮನೆಯಲ್ಲಿ ಈ ನೀರಿನ ಪರೀಕ್ಷೆ ಮಾಡುವವರು ಮುಂದಿನ ಜಾಲರಿಗೆ ಮಾತ್ರ ತುಂತುರು ಬಿಡಿ. ಬಿಸಿ ಎಂಜಿನ್ ಮೇಲೆ ಸುರಿಯಬೇಡಿ, ರೇಡಿಯೇಟರ್ ಮುಚ್ಚಳವನ್ನಂತೂ ಮುಟ್ಟಲೇಬೇಡಿ.)

ಗಾಳಿಯ ರಭಸವೇ ಕಡಿಮೆ ಇರುವುದು ಬೇರೆ ಕಥೆ. ನಮ್ಮ ಕಾರಿನಲ್ಲಿ ಅದೂ ಇತ್ತು. ಡ್ಯಾಶ್‌ಬೋರ್ಡಿನ ಡಬ್ಬಿಯ ಹಿಂದಿನ ಫಿಲ್ಟರ್ ಎಳೆದರೆ ಧೂಳು, ಬೇವಿನೆಲೆ, ಒಂದು ಒಣಗಿದ ಜೇನುಹುಳ. ಕೊಡವಿ ಹಾಕಿದ್ದಕ್ಕೇ ಗಾಳಿ ಎರಡರಷ್ಟಾಯಿತು. ಆ ಗ್ಯಾರೇಜಿನವರು ಇದನ್ನು ತೆಗೆದೂ ನೋಡಿರಲಿಲ್ಲ.

ಚಿಂತಾಮಣಿಯವರೆಗೆ ಥರ್ಮಾಮೀಟರು ನೇತಾಡುತ್ತಲೇ ಬಂತು. ಓಡುವಾಗ 11, ಟೊಮೆಟೊ ಕ್ರೇಟು ಹೇರಿದ ಗಾಡಿಗಳ ಹಿಂದೆ ಸಿಕ್ಕಿಕೊಂಡಾಗ 21. ಅಮ್ಮ ಅದನ್ನು ಜೋರಾಗಿ ಓದಿ ಹೇಳುತ್ತಿದ್ದಳು, ಕ್ರಿಕೆಟ್ ಸ್ಕೋರಿನ ಹಾಗೆ.

ಮಾವ ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಕರೆದುಕೊಂಡು ಹೋದರು. ಹುಡುಗ ಗ್ಯಾಸಿನ ಮಾತೇ ಎತ್ತಲಿಲ್ಲ. ಎಸಿ ಹಾಕಿಸಿ ಬಗ್ಗಿ ನೋಡಿದ. ‘ಅಕ್ಕಾ, ಎರಡು ಫ್ಯಾನ್ ಐತೆ. ರೇಡಿಯೇಟರ್‌ದು ತಿರುಗ್ತೈತೆ, ಅದಕ್ಕೇ ಎಂಜಿನ್ ಮುಳ್ಳು ಏರ್ತಿಲ್ಲ. ಎಸಿದು ಮಲ್ಗೈತೆ.’ ಫ್ಯೂಸ್ ಡಬ್ಬಿ ತೆಗೆದು, ಅಂಥದ್ದೇ ಇನ್ನೊಂದು ರಿಲೇ ಕಿತ್ತು ಇದರ ಜಾಗಕ್ಕೆ ಚುಚ್ಚಿದ. ಗಿರ್ ಅಂತ ಫ್ಯಾನ್ ಎದ್ದಿತು. ಹೊಸ ರಿಲೇ, ಕೂಲಿ ಸೇರಿ 450 ರೂಪಾಯಿ. ಕಂಡೆನ್ಸರಿನ ಧೂಳನ್ನು ಮೆಲ್ಲಗೆ ನೀರು ಬಿಟ್ಟು ತೊಳೆದ. ಜೋರಾಗಿ ಹೊಡೆದರೆ ಅದರ ತೆಳು ಎಲೆಗಳು ಮಡಚಿಕೊಂಡು ಗಾಳಿ ಹೋಗುವ ದಾರಿಯೇ ಮುಚ್ಚುತ್ತದಂತೆ.

‘ಮತ್ತೆ ಗ್ಯಾಸು?’ ಅಂದೆ. ‘ಅದೇನು ಪೆಟ್ರೋಲಾ ಅಕ್ಕಾ ಖರ್ಚಾಗಕ್ಕೆ? ಸೋರಿದ್ರೆ ಮಾತ್ರ ಕಮ್ಮಿಯಾಗೋದು. ಸೋರೋ ಜಾಗ ಹುಡುಕ್ದೆ ತುಂಬೋದು ತೂತು ಕೊಡಕ್ಕೆ ನೀರು ತುಂಬ್ದಂಗೆ. ಊರಿಗೆ ಹೋಗಿ ಅಳತೆ ಮಾಡ್ಸಿ’ ಅಂದ. ಬೆಂಗಳೂರಿನಲ್ಲಿ ಬೇರೆ ಕಡೆ ಅಳೆಸಿದೆ. ಎಷ್ಟು ಗ್ರಾಂ ಬೇಕೆಂದು ಬಾನೆಟ್ಟಿನ ಒಳಗಿನ ಸ್ಟಿಕರಿನಲ್ಲೇ ಬರೆದಿರುತ್ತದೆ. ನಮ್ಮದರಲ್ಲಿ ಅದಕ್ಕಿಂತ ಜಾಸ್ತಿಯೇ ಇತ್ತು! ಜಾಸ್ತಿಯಾದರೂ ತಂಪು ಕಡಿಮೆಯಾಗುತ್ತದಂತೆ. ಅಂದರೆ 1,800 ಕೊಟ್ಟು ನಾನು ಎಸಿಯನ್ನು ಇನ್ನಷ್ಟು ಕೆಡಿಸಿಕೊಂಡಿದ್ದೆ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಅವತ್ತು ಸಂಜೆ ಕೈವಾರಕ್ಕೆ ಹೋಗಿ ತಾತಯ್ಯನವರ ದರ್ಶನ ಮಾಡಿಕೊಂಡು ಬೆಂಗಳೂರಿನ ದಾರಿ ಹಿಡಿದೆವು. ಹೊಸಕೋಟೆಯ ಹತ್ತಿರ ಮುಕ್ಕಾಲು ಗಂಟೆ ವಾಹನಗಳ ಮಧ್ಯೆ ನಿಂತೆವು. ಥರ್ಮಾಮೀಟರಿನಲ್ಲಿ 12. ಅಮ್ಮ ಹಿಂದಿನ ಸೀಟಿನಲ್ಲಿ ಚಿಕ್ಕಮ್ಮ ಕೊಟ್ಟ ಶಾಲು ಹೊದ್ದು ನಿದ್ದೆ ಹೋಗಿದ್ದಳು.

ಅಷ್ಟರಲ್ಲಿ ಫೋನು. ಚಿಕ್ಕಮ್ಮ. ‘ಮನೆ ಸೇರಿದ್ರಾ’ ಅಂತ ಕೇಳಬಹುದು ಅಂದುಕೊಂಡರೆ, ‘ಥರ್ಮಾಮೀಟರು ನಿನ್ ಕಾರಲ್ಲೇ ಹೋಯ್ತಲ್ಲೇ! ಇಲ್ಲಿರೋದು ಒಡೆದುಹೋಯ್ತು, ನಾಳೆ ಹುಳು ಜ್ವರದಿಂದ ಏಳ್ತಾವೆ’ ಅಂದರು. ಮಾರನೇ ದಿನ ಬೆಳಿಗ್ಗೆ ಶಿಡ್ಲಘಟ್ಟದ ಬಸ್ಸಿನ ಕಂಡಕ್ಟರಿಗೆ ಕೊಟ್ಟು ಕಳಿಸಿದೆ, ಹಳೇ ಟವೆಲ್ಲಿನಲ್ಲಿ ಸುತ್ತಿ.