ಕಾಕಾರ ಲೆಕ್ಕ ನನ್ನ ಮೊಬೈಲಿಗೆ ಬಂತು

ದೀಪಾವಳಿಗೆ ಬೆಳವಣಕಿಗೆ ಹೋದಾಗ ಕಾಕಾ ಟ್ರಂಕಿನಿಂದ ತಮ್ಮ ಎಚ್‌ಪಿ-42ಎಸ್ ಕ್ಯಾಲ್ಕುಲೇಟರ್ ತೆಗೆದರು. 1988ರ ಮಾಡೆಲ್. ಮಲಪ್ರಭಾ ಕಾಲುವೆಯ ಲೆಕ್ಕವನ್ನೆಲ್ಲ ಅದರಲ್ಲೇ ಮಾಡಿದವರು. ಸೆಲ್ ಸೋರಿ ಕೆಟ್ಟುಹೋಗಿತ್ತು. ‘ನನ್ನಂಗ ಇದೂ ರಿಟೈರ್ ಆತು’ ಎಂದರು. ನಿವೃತ್ತಿಯಾದ ಮೇಲೆ ಅವರು ಮಾತಾಡೋದೇ ಕಡಿಮೆ.

ರಾತ್ರಿ ನನ್ನ ಫೋನಿಗೆ ‘ಫ್ರೀ42’ ಹಾಕಿಕೊಂಡೆ. ಥಾಮಸ್ ಓಕನ್ ಬರೆದ ಉಚಿತ ಆ್ಯಪ್. ಎಚ್‌ಪಿಯ ಕೋಡ್ ಒಂದು ಸಾಲೂ ಇಲ್ಲ, ಆದರೂ ನಡೆಯೋದು ಥೇಟ್ ಅದೇ ಮೆಷಿನ್ ಥರ. ಬರಾಬರ್ ಗುಂಡಿಯೇ ಇಲ್ಲ: 2, ಎಂಟರ್, 3, ಆಮೇಲೆ ಪ್ಲಸ್ ಒತ್ತಿದರೆ 5.

ಕಾಕಾರ ಡೈರಿಯಲ್ಲಿದ್ದ ಪ್ರೋಗ್ರಾಂ ಟೈಪ್ ಮಾಡಿದೆ. ಕಾಲುವೆಯಲ್ಲಿ ನೀರು ಎಷ್ಟು ಹರಿಯುತ್ತದೆಂದು ಹೇಳುವ ಮ್ಯಾನಿಂಗ್ ಸೂತ್ರ. ಉತ್ತರ ಡೈರಿಯದಕ್ಕೆ ತಾಳೆಯಾಗಲಿಲ್ಲ. ಎಂಟು ವರ್ಷ ಕೋಡ್ ಬರೆದವನಿಗೆ ತಪ್ಪು ಸಿಗಲೇ ಇಲ್ಲ.

ಬೆಳಿಗ್ಗೆ ಕಾಕಾ ಕನ್ನಡಕ ಏರಿಸಿ ನೋಡಿದರು. ‘ತಮ್ಮಾ, ಭಾಗಿಸೂಕಿಂತ ಮೊದ್ಲ ಎಕ್ಸ್-ವೈ ಅದಲಬದಲ ಮಾಡಬೇಕಲೇ. ಒಂದು ಸಾಲ ಬಿಟ್ಟೀ.’

ಸೇರಿಸಿದೆ. ದಶಾಂಶ ಸಮೇತ ಕೂಡಿತು. ಕಾಕಾ ನಕ್ಕರು. ರೊಟ್ಟಿ ಆರುವವರೆಗೂ ಕಾಲುವೆಯ ಕಥೆ ಹೇಳಿದರು.

ಈಗ ಭಾನುವಾರ ಅವರದೇ ಫೋನ್: ‘ಮುಂದಿನ ಪ್ರೋಗ್ರಾಂ ಹಾಕಿದ್ಯಾ?’

ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥದ್ದೊಂದು ಇರಬಹುದು. ಅದರ ಒಡೆಯರು ಎದುರಿಗಿರುವಾಗಲೇ ತೆಗೆದು ಕೇಳಿ.