ಸಿನಿಮಾದಂತೆ ಕಾಣಬೇಕು

ಮದುವೆ ವೀಡಿಯೊದಲ್ಲೂ ಸಿನಿಮಾದಲ್ಲೂ ಓಡಾಡುವವರು ಮನುಷ್ಯರೇ. ಆದರೂ ಎರಡು ಗಳಿಗೆ ನೋಡಿದರೆ ಸಾಕು, ಯಾವುದು ಯಾವುದೆಂದು ಮಕ್ಕಳೂ ಹೇಳಿಬಿಡುತ್ತಾರೆ. ಈ ವ್ಯತ್ಯಾಸದ ಗುಟ್ಟು ನನಗೆ ತಿಳಿದದ್ದು ತಂಗಿಯ ಮಗ ನನ್ನದೊಂದು ಕತೆಯನ್ನು ಕಿರುಚಿತ್ರ ಮಾಡಲು ಹೊರಟಾಗ.

"ಮಾಮು, ಸಿನಿಮಾ ನಮಗೆ ಕಡಿಮೆ ತೋರಿಸುತ್ತೆ, ಅದಕ್ಕೇ ಚೆಂದ" ಎಂದ. ಸಿನಿಮಾಕ್ಕೆ ಮಾತು ಬಂದಾಗಿನಿಂದ ಅದು ಓಡುವುದು ಸೆಕೆಂಡಿಗೆ 24 ಚಿತ್ರಗಳ ಲೆಕ್ಕದಲ್ಲಿ. ನಮ್ಮ ಹಳೆಯ ವೀಡಿಯೊ ಕ್ಯಾಮರಾಗಳು 25 ಚಿತ್ರಗಳನ್ನು ಗೆರೆ ಬಿಟ್ಟು ಗೆರೆ, ಅರ್ಧರ್ಧವಾಗಿ ಹಿಡಿಯುತ್ತಿದ್ದವು. ಅಂದರೆ ಚಲನೆ ಸೆಕೆಂಡಿಗೆ 50 ಸಲ ದಾಖಲಾಗುತ್ತಿತ್ತು. ಅದರಿಂದ ಎಲ್ಲವೂ ಟಿವಿ ವಾರ್ತೆಯಂತೆ ನುಣ್ಣಗೆ ಜಾರುತ್ತಿತ್ತು. 2002ರಲ್ಲಿ ಪ್ಯಾನಸಾನಿಕ್ ಕಂಪನಿಯ ಡಿವಿಎಕ್ಸ್100 ಬಂದು ಸಣ್ಣ ಕ್ಯಾಮರಾಕ್ಕೂ 24ರ ಲೆಕ್ಕ ಕಲಿಸಿತು. ಒಂದೊಂದು ಚಿತ್ರಕ್ಕೂ ಶಟರ್ ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ತೆರೆದಿದ್ದರೆ ಬೀಸುವ ಕೈ ತುಸು ಮಸುಕಾಗುತ್ತದೆ. ಕಣ್ಣಿಗೆ ಹಿತವೆನಿಸುವುದು ಆ ಮಸುಕೇ. ಬೆಳಕಿನದು ಇನ್ನೊಂದು ಪಾಠ. ಕಿಟಕಿ ಒಮ್ಮೆ ಸುಟ್ಟ ಬಿಳುಪಾದರೆ ಡಿಜಿಟಲ್‌ನಲ್ಲಿ ಆ ವಿವರ ಮರಳಿ ಬರುವುದಿಲ್ಲ. ಹುಡುಗ ಕಿಟಕಿಗೆ ತೆಳು ಪರದೆ ಕಟ್ಟಿ ಇಳಿಬಿಸಿಲಿಗೆ ಕಾದ.

ಇದಕ್ಕೆಲ್ಲ ದುಡ್ಡೇ ಬೇಕೆಂದಿಲ್ಲ. ಮಹಾರಾಷ್ಟ್ರದ ಮಗ್ಗಗಳ ಊರು ಮಾಲೇಗಾಂವ್‌ನಲ್ಲಿ ನಾಸಿರ್ ಶೇಖ್ ಮತ್ತು ಗೆಳೆಯರು 2000ದಲ್ಲಿ 'ಮಾಲೇಗಾಂವ್ ಕೆ ಶೋಲೆ'ಯನ್ನು ವೀಡಿಯೊದಲ್ಲೇ ತೆಗೆದರು. ಕ್ಯಾಮರಾ ಚಲಿಸಲು ಟ್ರಾಲಿ ಇಲ್ಲದವರಿಗೆ ಸೈಕಲ್ಲೇ ಟ್ರಾಲಿಯಾಯಿತು.

ತೊಡಕು ಬಂದದ್ದು ಬಣ್ಣ ತಿದ್ದುವಾಗ. ಚಿತ್ರೀಕರಣ ನಡೆದದ್ದು ನಮ್ಮ ಖಾಲಾ ಮನೆಯಲ್ಲಿ. ರಮಝಾನಿಗೆಂದು ಸುಣ್ಣಕ್ಕೆ ನೀಲಿ ಬೆರೆಸಿ ಬಳಿಸಿದ್ದ ಗೋಡೆಗಳು. ಹುಡುಗ ಅವನ್ನು ಹಸಿರು ಮಿಶ್ರಿತ ಹಳದಿಗೆ ಎಳೆದು, ಮೂಲೆಗಳನ್ನು ಕಪ್ಪಾಗಿಸಿ, "ಈಗ ನೋಡಿ, ಪಕ್ಕಾ ಸಿನಿಮಾ" ಎಂದ. ಖಾಲಾ ಕನ್ನಡಕ ಸರಿಪಡಿಸಿಕೊಂಡು ಕೇಳಿದರು: "ಬೇಟಾ, ಆವತ್ತು ಕರೆಂಟ್ ಹೋಗಿತ್ತಾ?"

ನಾವು ನಕ್ಕೆವು. ಅವರು ನಗಲಿಲ್ಲ.

ಆ ಬಣ್ಣ ಅವನು ಕಂಡುಹಿಡಿದದ್ದಲ್ಲ, ನೋಡಿ ಕಲಿತದ್ದು. ತೆರೆಯ ಮೇಲೆ ಮುಸ್ಲಿಮರ ಗಲ್ಲಿ ಬಂದಾಗಲೆಲ್ಲ ಹೊಗೆ, ಅರೆಗತ್ತಲೆ, ಒಂದು ಅನುಮಾನದ ನೆರಳು ಇರಲೇಬೇಕೆಂಬ ಅಭ್ಯಾಸ ಎಷ್ಟೋ ಚಿತ್ರಗಳಿಗಿದೆ. ಚಲನೆಯ ಮಸುಕು ಯಾರ ಮಾನವನ್ನೂ ಕಳೆಯದು. ಬಣ್ಣ ಹಾಗಲ್ಲ, ಅದು ಆ ಮನೆಯವರ ಬಗ್ಗೆ ಒಂದು ಮಾತನ್ನೂ ಹೇಳಿಬಿಡುತ್ತದೆ. ಸಿನಿಮಾದಂತೆ ಕಾಣಬೇಕು, ನಿಜ. ಆದರೆ ಯಾರ ಸಿನಿಮಾದಂತೆ ಎಂದು ನಮ್ಮ ಹುಡುಗರು ಕೇಳಿಕೊಳ್ಳಬೇಕು.

ಅವನು 24ರ ಲೆಕ್ಕವನ್ನೂ ಇಳಿಬಿಸಿಲನ್ನೂ ಹಾಗೇ ಉಳಿಸಿಕೊಂಡು ಗೋಡೆಗೆ ಅದರ ನೀಲಿ ಬಿಳುಪನ್ನು ಮರಳಿಸಿದ. ಚಿತ್ರ ಆಗಲೂ ಸಿನಿಮಾದಂತೆಯೇ ಕಾಣುತ್ತಿತ್ತು. ಮನೆ ಖಾಲಾ ಮನೆಯಂತೆ ಕಾಣುತ್ತಿತ್ತು.