ಸಿಂಕಿನ ಕೆಳಗಿನ ಬೋಗುಣಿ

ಯುಗಾದಿಗೆ ಊರಿಗೆ ಹೋದಾಗ ಅಡುಗೆಮನೆಯ ಸಿಂಕಿನ ಕೆಳಗಿನ ಬಾಗಿಲು ತೆಗೆದೆ. ಗಪ್ಪಂತ ಬೂಷ್ಟಿನ ವಾಸನೆ ಮುಖಕ್ಕೆ ಹೊಡೆಯಿತು. ಒಳಗೆ ಕೈ ಊರಿದರೆ ಹಲಗೆ ಚಹಾದಲ್ಲಿ ನೆನೆದ ರಸ್ಕಿನ ಹಾಗೆ ಕುಸಿಯಿತು.

ನಮ್ಮದು ಶ್ರೀನಿವಾಸಪುರ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಬೋರು ಸಾವಿರ ಅಡಿ ದಾಟಿದರೂ ಬರೀ ಧೂಳು ಹಾರಿದ್ದನ್ನು ಕಂಡವರು ನಾವು. ಇಂಥ ಊರಲ್ಲಿ ನೀರು ಹೆಚ್ಚಾಗಿ ಹಲಗೆ ಕೊಳೆತಿದೆ ಅಂದರೆ ನಂಬೋರು ಯಾರು?

ಹಳೇ ಅಡುಗೆಮನೆಯಲ್ಲಿ ಈ ತಾಪತ್ರಯ ಇರಲಿಲ್ಲ. ಕಡಪ ಕಲ್ಲಿನ ಕಟ್ಟೆ, ಕೆಳಗೆ ಕಡಪ ಕಲ್ಲಿನದೇ ಗೂಡು, ಮುಂದೊಂದು ಪರದೆ. ನೀರು ಬಿದ್ದರೆ ಒರೆಸಿದರಾಯಿತು. ಆರು ವರ್ಷದ ಹಿಂದೆ ನಾನೇ ಹಟ ಹಿಡಿದು ಅದನ್ನೆಲ್ಲ ಒಡೆಸಿ ಮಾಡ್ಯುಲರ್ ಕಿಚನ್ ಹಾಕಿಸಿದೆ. "ಕಲ್ಲಿಗೇನಾಗಿತ್ತಪ್ಪ?" ಅಂತ ಅಮ್ಮ ಒಂದೇ ಸಲ ಕೇಳಿದ್ದಳು.

ಆಚಾರಿ ಬಂದು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿದರು. "ಇದು ಮರ ಅಲ್ಲ ಸಾರ್, ಪಾರ್ಟಿಕಲ್ ಬೋರ್ಡು. ಮರದ ಚೂರಿಗೆ ಅಂಟು ಹಾಕಿ ಒತ್ತಿರ್ತಾರೆ. ಒಂದ್ಸಲ ನೀರು ಕುಡಿದು ಉಬ್ಬಿತು ಅಂದ್ರೆ ಒಣಗಿಸಿದ್ರೂ ಮೊದಲಿನ ಹಾಗೆ ಆಗಲ್ಲ. ಹೊಸದು ಆಮೇಲೆ ಹಾಕೋಣ. ಮೊದಲು ನೀರು ಎಲ್ಲಿಂದ ಬರ್ತಿದೆ ನೋಡಿ."

ಕೆಳಗೆ ಒಣ ಪೇಪರ್ ಹಾಸಿ, ಸಿಂಕ್ ತುಂಬಿಸಿ ಒಮ್ಮೆಲೇ ಬಿಟ್ಟೆವು. ನೀರು ಹೋಗುವ ಪೈಪಿನ ಜಾಯಿಂಟಿನಿಂದ ತೊಟ್ಟು ತೊಟ್ಟಾಗಿ ಪೇಪರಿನ ಮೇಲೆ ಬಿತ್ತು. ಬೋರಿನ ಗಡಸು ನೀರಿನ ಬಿಳಿ ಉಪ್ಪು ಅಲ್ಲಿ ಗಟ್ಟಿಯಾಗಿ ಕಟ್ಟಿತ್ತು, ರಬ್ಬರ್ ವಾಷರ್ ಸೀಳಿತ್ತು. ಇಷ್ಟಕ್ಕೆಲ್ಲ ಕಾರಣ ಹತ್ತಿಪ್ಪತ್ತು ರೂಪಾಯಿಯ ವಾಷರ್.

ಮೂಲೆಯಲ್ಲಿ ಒಂದು ಸ್ಟೀಲ್ ಬೋಗುಣಿ ಸಿಕ್ಕಿತು. ಒಳಗೆಲ್ಲ ಬಿಳಿ ಗೆರೆಗಳು.

"ಅದಾ? ಎರಡು ವರ್ಷದಿಂದ ತೊಟ್ಟಿಕ್ತಾ ಇತ್ತು. ಇಟ್ಟಿದ್ದೆ. ತುಂಬಿದಾಗ ಕರಿಬೇವಿನ ಗಿಡಕ್ಕೆ ಹಾಕ್ತಿದ್ದೆ" ಅಂದಳು ಅಮ್ಮ.

"ಹೇಳಬಾರದಿತ್ತಾ?"

"ಒಂದು ತೊಟ್ಟು ನೀರಿಗೆ ಯಾರಾದ್ರೂ ಫೋನ್ ಮಾಡ್ತಾರಾ?"

ಟ್ಯಾಂಕರಿನ ಹಿಂದೆ ಬಿಂದಿಗೆ ಹಿಡಿದು ಓಡಿದವಳು ಅವಳು. ಅಕ್ಕಿ ತೊಳೆದ ನೀರಲ್ಲಿ ಸೊಪ್ಪು ತೊಳೆದು, ಅದನ್ನೇ ಗಿಡಕ್ಕೆ ಹಾಕಿದವಳು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಲಕ್ಷ್ಮೀಸಾಗರ ಕೆರೆಗೆ ಬಿಟ್ಟರು. 2021ರ ಮಳೆಗೆ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಬಿದ್ದವು. ಅಮ್ಮನ ಲೆಕ್ಕ ಮಾತ್ರ ಬದಲಾಗಲಿಲ್ಲ. ಅವಳಿಗೆ ಸೋರುವ ನೀರು ಅಂದರೆ ರಿಪೇರಿ ಮಾಡಿಸುವಂಥದ್ದಲ್ಲ, ಹಿಡಿದಿಟ್ಟುಕೊಳ್ಳುವಂಥದ್ದು.

"ಮತ್ತೆ ಇದು ಹೇಗೆ ಕೊಳೀತು? ಬೋಗುಣಿ ಇತ್ತಲ್ಲ?"

ಅಮ್ಮ ಸೆರಗು ಸರಿಮಾಡಿಕೊಂಡಳು. "ಮಂಡಿ ಬಗ್ಗಲ್ಲ ಕಣಪ್ಪ. ದೀಪಾವಳಿಯಿಂದ."

ಅಂದರೆ ಐದು ತಿಂಗಳಿಂದ ಬೋಗುಣಿ ತುಂಬಿ ಚೆಲ್ಲುತ್ತಲೇ ಇತ್ತು. ನಾನು ಪ್ರತಿ ಭಾನುವಾರ ಫೋನಿನಲ್ಲಿ "ಹೇಗಿದ್ದೀಯ?" ಅನ್ನುತ್ತಿದ್ದೆ. "ಚೆನ್ನಾಗಿದ್ದೀನಿ" ಅನ್ನುತ್ತಿದ್ದಳು. ಹಲಗೆ ಹೇಳಿದ್ದನ್ನು ಅಮ್ಮ ಹೇಳಿರಲಿಲ್ಲ. ನಾನೂ ಸರಿಯಾಗಿ ಕೇಳಿರಲಿಲ್ಲ.

ವಾಷರ್ ಬದಲಾಯಿತು. ಕೊಳೆತ ತಳವನ್ನು ಕತ್ತರಿಸಿ ತೆಗೆದು, ಎರಡು ದಿನ ಬಾಗಿಲು ತೆಗೆದಿಟ್ಟು ಫ್ಯಾನ್ ಹಾಕಿದೆವು. ಐಎಸ್ 710 ಮಾರ್ಕಿನ ಮೆರೈನ್ ಪ್ಲೈವುಡ್ ತರೋಣ, ಅಂಚಿಗೆಲ್ಲ ಪೈಂಟ್ ಕುಡಿಸಿ ಕೂರಿಸೋಣ ಅಂದರು ಆಚಾರಿ. ಆಗ ಅಮ್ಮ ಹಿತ್ತಿಲ ಕಡೆ ಕೈ ತೋರಿಸಿದಳು. ಹಳೇ ಗೂಡಿನ ಕಡಪ ಕಲ್ಲು ಅಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ ಬಿದ್ದಿತ್ತು.

ಕಟ್ಟರಿನಲ್ಲಿ ಅದನ್ನು ಎರಡು ತುಂಡು ಮಾಡಿ, ಕೆಳಗೆ ಇಟ್ಟಿಗೆ ಕೊಟ್ಟು ಕೂರಿಸಿದೆವು. ಒಂದೇ ತುಂಡಾಗಿದ್ದರೆ ಬಾಗಿಲ ಚೌಕಟ್ಟಿನಲ್ಲಿ ತೂರುತ್ತಿರಲಿಲ್ಲ. ಪಕ್ಕದ ಹಲಗೆಗಳ ಬುಡಕ್ಕೆ, ಪೈಪಿನ ತೂತಿನ ಸುತ್ತ ಸಿಲಿಕಾನ್ ಬಳಿದದ್ದಾಯಿತು. ಕಲ್ಲನ್ನು ಮುಂದಕ್ಕೆ ಒಂದು ನೂಲು ಇಳಿಜಾರು ಮಾಡಿ ಅಂತ ಆಚಾರಿಗಳಿಗೆ ನಾನೇ ಹೇಳಿದೆ. ಇನ್ನೊಮ್ಮೆ ಸೋರಿದರೆ ನೀರು ಬಾಗಿಲಿಂದ ಈಚೆಗೆ ಬರಲಿ, ಅಮ್ಮನಿಗೆ ಬಗ್ಗದೆಯೇ ಕಾಣಲಿ ಅಂತ.

ಈಗ ಭಾನುವಾರ ಮೊದಲು ಮಂಡಿ ವಿಚಾರಿಸುತ್ತೇನೆ, ಆಮೇಲೆ ಸಿಂಕು. "ಎರಡೂ ಒಣಗಿವೆ" ಅಂತ ನಗುತ್ತಾಳೆ. ಕರಿಬೇವಿನ ಗಿಡಕ್ಕೆ ನೀರು ಸಾಲುತ್ತಿಲ್ಲವಂತೆ, ಅದೊಂದೇ ಅವಳ ದೂರು.